ಕೆಂಪು ದೀಪ ಎಷ್ಟು ಸಲ ಮಿಣುಕಿತು?

ಭಾನುವಾರ ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿದರೆ ಹಿಂದೆ ಟಿವಿ ಓಡ್ತಾನೇ ಇರುತ್ತೆ. ಅದರ ಸದ್ದನ್ನೂ ಮೀರಿಸಿ ಅವಳು ಕೂಗಿ ಮಾತಾಡ್ತಾಳೆ, "ಸ್ವಲ್ಪ ವಾಲ್ಯೂಮ್ ಕಮ್ಮಿ ಮಾಡಮ್ಮ" ಅಂತ ನಾನು ಗೊಣಗ್ತೀನಿ. ಹೋದ ತಿಂಗಳು ಒಂದು ಭಾನುವಾರ ನಮ್ಮ ಅರಸೀಕೆರೆ ಮನೆಯಿಂದ ಆ ಸದ್ದೇ ಕೇಳಲಿಲ್ಲ.

"ಟಿವಿ ಹಾಕಿಲ್ವಾ?" ಅಂದೆ.

"ಅದು ಕೆಟ್ಟು ಒಂಬತ್ತು ದಿನ ಆಯ್ತು ಕಣೋ. ಕೆಂಪು ದೀಪ ಮಿಣಕ್ ಮಿಣಕ್ ಅಂತಿರುತ್ತೆ, ಅಷ್ಟೇ. ನಿಂಗೆ ಆಫೀಸ್ ಕೆಲಸ, ಇದನ್ನೆಲ್ಲ ಏನು ಹೇಳೋದು ಅಂತ ಸುಮ್ನಿದ್ದೆ."

ಅಪ್ಪ ಹೋದ ಮೇಲೆ ಸಂಜೆ ಏಳರಿಂದ ಹತ್ತರವರೆಗೆ ಆ ಮನೆಯಲ್ಲಿ ಮಾತು ಅಂತ ಕೇಳಿಸೋದು ಟಿವಿಯಿಂದ ಮಾತ್ರ. ಆ ಒಂಬತ್ತು ಸಂಜೆ ಏನು ಮಾಡಿದೆ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ. ನಾಚಿಕೆಯಾಯ್ತು. ನಾಚಿಕೆಯಾದಾಗ ನಮ್ಮಂಥವರು ಮಾಡೋ ಕೆಲಸವನ್ನೇ ನಾನೂ ಮಾಡಿದೆ. ಶಾಪಿಂಗ್ ಆ್ಯಪ್ ತೆರೆದು 43 ಇಂಚಿನ ಹೊಸ ಟಿವಿಯನ್ನು ಕಾರ್ಟ್‌ಗೆ ಹಾಕಿದೆ.

ದುಡ್ಡು ಕಟ್ಟೋ ಹೊತ್ತಿಗೆ ಕೈ ತಡೆಯಿತು. ಆಫೀಸಿನಲ್ಲಿ ಯಾರಾದರೂ "ಆ್ಯಪ್ ಓಪನ್ ಆಗ್ತಿಲ್ಲ" ಅಂತ ಬಂದರೆ ನಾನು ಮೊದಲು ಕೇಳೋದೇ "ಎರರ್ ಏನು ಬಂತು?" ಅಂತ. ಅಮ್ಮನ ಟಿವಿ ಒಂಬತ್ತು ದಿನದಿಂದ ಎರರ್ ಹೇಳ್ತಾನೇ ಇತ್ತು. ಅದನ್ನು ಓದಿದವರು ಯಾರೂ ಇರಲಿಲ್ಲ.

ದೀಪ ಯಾಕೆ ಮಿಣುಕುತ್ತೆ?

ಟಿವಿಯ ಕೆಳಗೆ ಮೂಲೆಯಲ್ಲಿರೋ ಆ ಪುಟ್ಟ ದೀಪದ ಹಿಂದೆ ಒಂದು ಪುಟ್ಟ ಚಿಪ್ ಇರುತ್ತೆ. ಟಿವಿ ಸ್ಟ್ಯಾಂಡ್‌ಬೈನಲ್ಲಿದ್ದಾಗಲೂ ಅದು ನಿದ್ದೆ ಮಾಡಲ್ಲ, ರಿಮೋಟ್‌ಗಾಗಿ ಕಾಯ್ತಾ ಇರುತ್ತೆ. ನಾವು ಆನ್ ಒತ್ತಿದ ಕೂಡಲೇ ಒಳಗಿನ ವೋಲ್ಟೇಜ್ ಸರಿಯಿದೆಯಾ, ಬ್ಯಾಕ್‌ಲೈಟ್ ಹತ್ತಿತಾ, ಬೋರ್ಡುಗಳು ಉತ್ತರ ಕೊಡ್ತಿವೆಯಾ ಅಂತ ಪರೀಕ್ಷೆ ಶುರು. ಎಲ್ಲೋ ಒಂದು ಕಡೆ ಯಡವಟ್ಟು ಕಂಡರೆ ಉಳಿದ ಭಾಗ ಸುಟ್ಟುಹೋಗದಿರಲಿ ಅಂತ ಎಲ್ಲ ಆಫ್ ಮಾಡಿಬಿಡುತ್ತೆ. ಸ್ಕ್ರೀನೇ ಆಫ್ ಆದ ಮೇಲೆ ಮೆಸೇಜ್ ತೋರಿಸೋದೆಲ್ಲಿ? ಅದಕ್ಕೇ ಇರೋ ಒಂದು ದೀಪದಲ್ಲೇ ಹೇಳುತ್ತೆ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ರ‍್ಯಾಮ್ ಸರಿಯಾಗಿ ಕೂತಿಲ್ಲ ಅಂದ್ರೆ ಬೀಪ್ ಬೀಪ್ ಅಂತಿತ್ತಲ್ಲ, ಅದೇ ಉಪಾಯ.

ಅಂದರೆ ಮಿಣುಕೋ ದೀಪ ಕಾಯಿಲೆಯಲ್ಲ, ಡಾಕ್ಟರ ಚೀಟಿ. ಓದೋಕೆ ಬಂದರೆ ಅರ್ಧ ಕೆಲಸ ಮುಗೀತು.

ಅಮ್ಮನಿಗೆ ಹೇಳಿದೆ: "ಎಷ್ಟು ಸಲ ಮಿಣುಕುತ್ತೆ, ಆಮೇಲೆ ಎಷ್ಟು ಹೊತ್ತು ಸುಮ್ನಿರುತ್ತೆ, ಎಣಿಸು."

"ಎಣಿಸೋದೇನು ಬಂತು! ಆರು ಸಲ, ಆಮೇಲೆ ನಿಲ್ಲುತ್ತೆ, ಮತ್ತೆ ಆರು. ದಿನಾ ಅದರ ಮುಂದೇನೇ ಕೂತಿರ್ತೀನಲ್ಲ."

ಮೂರು ಥರದ ಮಿಣುಕು

ಎಲ್ಲ ಮಿಣುಕೂ ಒಂದೇ ಅಲ್ಲ. ನಿಮ್ಮ ಮನೆಯಲ್ಲಿ ಹೀಗಾದರೆ ಮೊದಲು ಇದನ್ನು ಗುರುತಿಸಿ.

ಒಂದು, ಟಿವಿ ನಡೀತಿರುವಾಗಲೇ ಆಗಾಗ ಮಿಣುಕುತ್ತೆ. ಇದು ರಿಮೋಟ್‌ನ ಸಿಗ್ನಲ್ ಬಂದಿದ್ದಕ್ಕೆ ಉತ್ತರ ಇರಬಹುದು. ಯಾರೂ ರಿಮೋಟ್ ಮುಟ್ಟದೆಯೂ ಮಿಣುಕ್ತಿದ್ದರೆ ಯಾವುದೋ ಬಟನ್ ಒಳಕ್ಕೆ ಸಿಕ್ಕಿಕೊಂಡಿರುತ್ತೆ. ಸೆಲ್ ತೆಗೆದು ನೋಡಿ, ನಿಂತರೆ ತಪ್ಪು ರಿಮೋಟ್‌ದು. ರಿಮೋಟ್ ಕೆಲಸ ಮಾಡ್ತಿದೆಯಾ ಅಂತ ನೋಡೋಕೆ ಫೋನಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ರಿಮೋಟ್‌ನ ಮೂತಿಯನ್ನು ಅದರ ಮುಂದೆ ಹಿಡಿದು ಬಟನ್ ಒತ್ತಿ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಹಳಷ್ಟು ಫೋನುಗಳಲ್ಲಿ ನೇರಳೆ ಚುಕ್ಕಿಯಾಗಿ ಕಾಣುತ್ತೆ. ಹಿಂದಿನ ಕ್ಯಾಮೆರಾದಲ್ಲಿ ಅದನ್ನು ತಡೆಯೋ ಫಿಲ್ಟರ್ ಜೋರಾಗಿರೋದರಿಂದ ಕಾಣದೇ ಇರಬಹುದು. ಬ್ಲೂಟೂತ್ ರಿಮೋಟ್‌ಗಳಲ್ಲಿ ಈ ಪರೀಕ್ಷೆ ಪವರ್ ಬಟನ್‌ಗೆ ಮಾತ್ರ ನಡೆಯಬಹುದು.

ಎರಡು, ಲೆಕ್ಕವಿಲ್ಲದೆ ಒಂದೇ ಸಮನೆ ಮಿಣುಕುತ್ತೆ. ಸ್ಮಾರ್ಟ್ ಟಿವಿಗಳಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ನಡೆಯುವಾಗ ಹೀಗಾಗೋದುಂಟು. ಆಗ ಮಾತ್ರ ಪ್ಲಗ್ ಕೀಳಬೇಡಿ, ಅರ್ಧಕ್ಕೆ ನಿಂತ ಅಪ್‌ಡೇಟ್ ಚೆನ್ನಾಗಿದ್ದ ಟಿವಿಯನ್ನೂ ಕೆಡಿಸುತ್ತೆ. ಸ್ವಲ್ಪ ಹೊತ್ತು ಕಾಯಿರಿ. ಗಂಟೆಗಟ್ಟಲೆ ಹಾಗೇ ಇದ್ದರೆ ಪವರ್ ಸಪ್ಲೈ ಮೇಲೆ ಅನುಮಾನ. ಶುರುವಾಗೋಕೆ ನೋಡೋದು, ಆಗದೆ ನಿಲ್ಲೋದು, ಮತ್ತೆ ಶುರು. ಎಲೆಕ್ಟ್ರಾನಿಕ್ಸ್‌ನವರು ಇದಕ್ಕೆ ಬಿಕ್ಕಳಿಕೆ ಅಂತಲೇ ಹೆಸರಿಟ್ಟಿದ್ದಾರೆ.

ಮೂರು, ಎಣಿಸಿದ ಹಾಗೆ ಮಿಣುಕಿ, ನಿಂತು, ಮತ್ತೆ ಅಷ್ಟೇ ಸಲ ಮಿಣುಕುತ್ತೆ. ಇದು ಕೋಡ್. ಆದರೆ ಆರು ಅಂದರೆ ಎಲ್ಲ ಟಿವಿಗೂ ಒಂದೇ ಅರ್ಥ ಅಲ್ಲ. ಕಂಪನಿಗೆ, ಮಾಡೆಲ್‌ಗೆ ತಕ್ಕಂತೆ ಬದಲಾಗುತ್ತೆ. ಹಾಗಾಗಿ ಸಂಖ್ಯೆಯ ಜತೆ ಟಿವಿಯ ಹಿಂದೆ ಅಂಟಿಸಿರೋ ಸ್ಟಿಕ್ಕರ್‌ನಲ್ಲಿರೋ ಮಾಡೆಲ್ ನಂಬರ್ ಕೂಡ ಬೇಕು. ಒಂದು ನಿಮಿಷದ ವಿಡಿಯೊ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮನೆಯಲ್ಲೇ ಮಾಡಬಹುದಾದ್ದು

ವಿಡಿಯೊ ಕಾಲ್‌ನಲ್ಲಿ ನಾವಿಬ್ಬರೂ ಇದೇ ಕ್ರಮದಲ್ಲಿ ಹೋದೆವು.

ಮೊದಲು ಪವರ್ ಪೂರ್ತಿ ಬರಿದು ಮಾಡೋದು. ರಿಮೋಟ್‌ನಲ್ಲಿ ಆಫ್ ಮಾಡಿದರೆ ಆಗಲ್ಲ, ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಬೇಕು. ಆಮೇಲೆ ಟಿವಿಯ ಮೇಲೇ ಇರೋ ಪವರ್ ಬಟನ್ನನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿಯಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಬೇಕು. ಚಿಪ್ ತಲೆ ಕೆಟ್ಟು ನಿಂತಿದ್ದರೆ ಇಷ್ಟಕ್ಕೇ ಸರಿಹೋಗುತ್ತೆ.

ಎರಡನೆಯದು, ಸೆಟ್‌ಟಾಪ್ ಬಾಕ್ಸ್‌ನ ಎಚ್‌ಡಿಎಂಐ ಕೇಬಲ್, ಪೆನ್‌ಡ್ರೈವ್, ಸ್ಪೀಕರ್ ಎಲ್ಲ ಕಿತ್ತು ಬರೀ ಟಿವಿಯನ್ನು ಆನ್ ಮಾಡಿ ನೋಡೋದು. ಹೊರಗಿನ ಒಂದು ಕೆಟ್ಟ ಸಾಮಾನು ಟಿವಿಯನ್ನು ಏಳೋಕೆ ಬಿಡದಿರೋದೂ ಉಂಟು.

ಮೂರನೆಯದು, ಬೇರೆ ರೂಮಿನ ಪ್ಲಗ್‌ಗೆ ನೇರವಾಗಿ ಹಾಕೋದು. ಎಕ್ಸ್‌ಟೆನ್ಷನ್ ಬಾಕ್ಸ್‌ಗಳು ಸಡಿಲವಾಗಿ ಕೈಕೊಡೋದು ಹೊಸದೇನಲ್ಲ. ನಮ್ಮಲ್ಲಿ ಕರೆಂಟು 230 ವೋಲ್ಟ್, ಈಗಿನ ಬಹುತೇಕ ಟಿವಿಗಳು 100ರಿಂದ 240 ವೋಲ್ಟ್‌ವರೆಗೆ ಸುಧಾರಿಸಿಕೊಳ್ತವೆ. ಹಾಗಾಗಿ ವೋಲ್ಟೇಜ್ ಸ್ವಲ್ಪ ಇಳಿದಿದ್ದಕ್ಕೇ ಟಿವಿ ಏಳಲ್ಲ ಅನ್ನೋದು ಕಮ್ಮಿ.

ಅಮ್ಮ ಮೂರನ್ನೂ ಮಾಡಿದಳು. ದೀಪ ಮತ್ತೆ ಆರು ಸಲವೇ.

ಉಳಿದಿದ್ದು ಟಾರ್ಚ್ ಪರೀಕ್ಷೆ. ಎಲ್‌ಇಡಿ ಟಿವಿಯಲ್ಲಿ ಚಿತ್ರ ಮೂಡೋದು ಮುಂದಿನ ಎಲ್‌ಸಿಡಿ ಪ್ಯಾನೆಲ್‌ನಲ್ಲಿ, ಅದಕ್ಕೆ ಬೆಳಕು ಕೊಡೋದು ಹಿಂದಿರೋ ಎಲ್‌ಇಡಿ ಪಟ್ಟಿಗಳು. ಈ ಪಟ್ಟಿಗಳಲ್ಲಿ ಎಲ್‌ಇಡಿಗಳು ದೀಪಾವಳಿ ಸೀರಿಯಲ್ ಸೆಟ್ ಥರ ಸರಪಳಿಯಲ್ಲಿರ್ತವೆ. ಒಂದು ಹೋದರೆ ಇಡೀ ಸಾಲು ಕತ್ತಲೆ. ಆಗ ಚಿತ್ರ ಬರ್ತಾ ಇರುತ್ತೆ, ಬೆಳಕಿಲ್ಲದೆ ನಮಗೆ ಕಾಣಲ್ಲ ಅಷ್ಟೇ. ರೂಮ್ ಕತ್ತಲು ಮಾಡಿ, ಟಿವಿ ಆನ್ ಆದ ಮೊದಲ ಕೆಲವು ಸೆಕೆಂಡಿನಲ್ಲಿ ಟಾರ್ಚನ್ನು ಸ್ಕ್ರೀನ್‌ಗೆ ಹತ್ತಿರ, ಓರೆಯಾಗಿ ಹಿಡಿದು ನೋಡಬೇಕು.

ಫೋನು ವಿಡಿಯೊ ಕಾಲ್‌ನಲ್ಲಿತ್ತು. ಅಮ್ಮ ಕರೆಂಟು ಹೋದಾಗಿನ ಟಾರ್ಚ್ ತಂದಳು. ಕಿಟಕಿ ಮುಚ್ಚಿದಳು. ಎರಡು ಸಲ ತಡವಾಯ್ತು. ಮೂರನೇ ಸಲ, "ಏಯ್, ಏನೋ ಮಸುಕು ಮಸುಕಾಗಿ ಕಾಣ್ತಿದೆ ಕಣೋ. ಕಂಪನಿ ಹೆಸರು!"

ಅಷ್ಟು ಸಾಕಿತ್ತು. ಪ್ಯಾನೆಲ್ ಜೀವಂತವಾಗಿದೆ, ಹೋಗಿರೋದು ಬ್ಯಾಕ್‌ಲೈಟ್. ಈ ವ್ಯತ್ಯಾಸ ನಿಮ್ಮ ಜೇಬಿಗೆ ಬಹಳ ಮುಖ್ಯ. ಟಿವಿಯಲ್ಲಿ ಅತಿ ದುಬಾರಿ ಭಾಗ ಪ್ಯಾನೆಲ್, ಅದು ಹೋದರೆ ರಿಪೇರಿ ಖರ್ಚು ಹೊಸ ಟಿವಿಯ ಹತ್ತಿರ ಹತ್ತಿರ ಬಂದುಬಿಡುತ್ತೆ. ಬ್ಯಾಕ್‌ಲೈಟ್ ಪಟ್ಟಿ ಅಥವಾ ಪವರ್ ಬೋರ್ಡ್ ಹೋಗಿದ್ದರೆ ರಿಪೇರಿಯೇ ಲಾಭ.

ಬಿಚ್ಚೋದು ಬೇಡ

"ಸ್ಕ್ರೂಡ್ರೈವರ್ ಇದೆ, ಹಿಂದಿನ ಕವರ್ ತೆಗೀಲಾ?" ಅಂತ ಅಮ್ಮ ಕೇಳಿದಳು. ನಾನು ಕಿರುಚಿಯೇಬಿಟ್ಟೆ. ಇದನ್ನು ನೀವೂ ದಯವಿಟ್ಟು ನೆನಪಿಡಿ. ಪವರ್ ಬೋರ್ಡ್ 230 ವೋಲ್ಟ್ ಎಸಿಯನ್ನು ಡಿಸಿ ಮಾಡುವಾಗ ಅದು ಸುಮಾರು 325 ವೋಲ್ಟ್ ಆಗುತ್ತೆ, ಒಂದು ದೊಡ್ಡ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಳ್ಳುತ್ತೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಯೂಟ್ಯೂಬ್ ನೋಡಿ ಬೆರಳಿಡೋ ಜಾಗ ಅದಲ್ಲ. ಎಂಜಿನಿಯರಿಂಗ್ ಓದಿದ್ದೀನಿ ಅನ್ನೋ ಧೈರ್ಯದಲ್ಲೂ ಬೇಡ. ವಾರಂಟಿ ಇದ್ದರಂತೂ ಕವರ್ ಬಿಚ್ಚಿದ ಕೂಡಲೇ ಅದೂ ಕೈತಪ್ಪಬಹುದು.

ವಾರಂಟಿ ಇದ್ದರೆ ಕಂಪನಿಯ ಸರ್ವಿಸ್‌ಗೆ ಕಂಪ್ಲೇಂಟ್ ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ. ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಮ್ಮನ ಟಿವಿಯ ವಾರಂಟಿ ಮುಗಿದು ವರ್ಷಗಳಾಗಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ರಿಪೇರಿ ಹುಡುಗನಿಗೆ ಫೋನ್ ಮಾಡಿ ಮಾಡೆಲ್ ನಂಬರ್, ಆರು ಮಿಣುಕು, ಟಾರ್ಚ್‌ನಲ್ಲಿ ಕಂಡಿದ್ದು, ಮೂರನ್ನೂ ಹೇಳಿದೆ. "ಇಷ್ಟು ಹೇಳಿದ್ರೆ ಸಾಕು ಬಿಡಿ ಸಾರ್. ಎಲ್ರೂ ಟಿವಿ ಬರ್ತಿಲ್ಲ ಅಂತಾರೆ ಅಷ್ಟೇ, ನಾನು ಎರಡೆರಡು ಸಲ ಓಡಾಡ್ಬೇಕು" ಅಂದ. ಪಟ್ಟಿ ತರಿಸಿ ಬುಧವಾರ ಹಾಕಿಕೊಟ್ಟ. 2,400 ರೂಪಾಯಿ. ಹೋಗುವಾಗ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕ್‌ಲೈಟ್ ನೂರರಿಂದ ಅರವತ್ತಕ್ಕೆ ಇಳಿಸಿ ಹೋದ. ಪೂರ್ತಿ ಬೆಳಕಿನಲ್ಲೇ ಓಡಿಸಿದರೆ ಬಿಸಿ ಜಾಸ್ತಿಯಾಗಿ ಎಲ್‌ಇಡಿಗಳು ಬೇಗ ಹೋಗ್ತವೆ. ಮನೆಯೊಳಗೆ ಅಷ್ಟು ಬೆಳಕು ಬೇಕಾಗೂ ಇಲ್ಲ. ನಿಮ್ಮ ಟಿವಿಯಲ್ಲೂ ಇವತ್ತೇ ನೋಡಿ.

ಕಾರ್ಟ್‌ನಲ್ಲಿದ್ದ ಟಿವಿಯನ್ನು ತೆಗೆದುಹಾಕಿದೆ. ಆದರೆ ಉಳಿದ ದುಡ್ಡಿಗಿಂತ ಆ ಒಂಬತ್ತು ದಿನವೇ ನನ್ನ ತಲೆಯಲ್ಲಿ ಉಳಿದಿದೆ. ಮಕ್ಕಳಿಗೆ ತೊಂದರೆ ಯಾಕೆ ಅಂತ ನಮ್ಮ ಅಪ್ಪ ಅಮ್ಮ ಹೇಳದೇ ಇರೋದು ಬರೀ ಟಿವಿ ವಿಷಯ ಅಲ್ಲ. ಈಗ ಭಾನುವಾರದ ಫೋನಿನಲ್ಲಿ "ಎಲ್ಲ ಚೆನ್ನಾಗಿದೆಯಾ?" ಅಂತ ಕೇಳೋದು ಬಿಟ್ಟಿದ್ದೀನಿ. ಅದಕ್ಕೆ ಬರೋ ಉತ್ತರ ಯಾವಾಗಲೂ "ಹ್ಞೂಂ" ಅಂತಲೇ. ಬದಲಿಗೆ ಫ್ರಿಜ್ ಸದ್ದು ಮಾಡ್ತಿದೆಯಾ, ಗೀಸರ್‌ನಲ್ಲಿ ನೀರು ಕಾಯ್ತಿದೆಯಾ, ಮಂಡಿ ನೋವು ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ ಅಂತ ಒಂದೊಂದೇ ಕೇಳ್ತೀನಿ.

"ಇಷ್ಟೆಲ್ಲ ಕೇಳಬೇಡ ಕಣೋ, ಸಿನಿಮಾ ಬರ್ತಿದೆ" ಅಂದಳು ಮೊನ್ನೆ. ವಾಲ್ಯೂಮ್ ಕಮ್ಮಿ ಮಾಡು ಅಂತ ನಾನು ಹೇಳಲಿಲ್ಲ.