ತಂಡ ಬದಲಾದರೆ ಹಾಡು ಸಾಯುವುದೇ?

ಹಾಡುವವರ ತಂಡವೊಂದು ದೀರ್ಘಕಾಲ ಬಾಳಿದರೆ ಎರಡು ದೂರುಗಳು ತಪ್ಪದೆ ಹುಟ್ಟುವುವು: ಮೊದಲಿನ ಗಾಯಕರಿಲ್ಲ, ಮೊದಲಿನ ನಾದವಿಲ್ಲ. ನಮ್ಮ ಮಂಗಳೂರಿನ ಕೊಂಕಣಿ ಗಾಯನ ಸಂಸ್ಥೆಯಾದ ಮಾಂಡ್ ಸೊಭಾಣದ ಸ್ಥಾಪಕ ಎರಿಕ್ ಒಝೇರಿಯೊ ಅವರು 2025ರ ಆಗಸ್ಟಿನಲ್ಲಿ ದಿವಂಗತರಾದುದರಿಂದ, ಈ ದೂರುಗಳಲ್ಲಿ ಸತ್ವವೆಷ್ಟೆಂಬುದನ್ನು ವಿಚಾರಿಸುವ ಕಾಲವು ಒದಗಿದೆ.

ನಾದದ ಮಾತನ್ನು ಮೊದಲು ನೋಡೋಣ. 1986ರ ನವೆಂಬರ್ 30ರಂದು ಈ ತಂಡವು ವೇದಿಕೆಯೇರಿದುದೇ ನಾದವನ್ನು ಬದಲಿಸುವುದಕ್ಕಾಗಿ. ಅಂದಿನ ಕೊಂಕಣಿ ಗಾಯನವು ಬಹುಮಟ್ಟಿಗೆ ಪಾಶ್ಚಾತ್ಯ ಧಾಟಿಗೆ ಒಲಿದಿದ್ದಿತು. ಒಝೇರಿಯೊ ಅವರು ಜನಪದದ ಧಾಟಿಯಲ್ಲಿಯೂ ಗುಮಟೆಯ ಬಡಿತದಲ್ಲಿಯೂ ಹೊಸ ಹಾಡಿನ ಬೇರನ್ನು ಅರಸಿದರು. ಹಾಗೆಂದು ಗಿಟಾರು, ಕೀಬೋರ್ಡುಗಳನ್ನು ಹೊರಗಟ್ಟಲಿಲ್ಲ. ಆ ಗುಮಟೆಯಾದರೂ ಹಿಂದಿನಂತೆಯೇ ಇದೆಯೇ? ಮಣ್ಣಿನ ಆ ಮಡಕೆಯ ಬಾಯಿಗೆ ಪೂರ್ವದಲ್ಲಿ ಉಡದ ಚರ್ಮವನ್ನು ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಉಡವನ್ನು ಕೊಲ್ಲುವುದು ಅಪರಾಧವಾಗಿ, ಆಡಿನ ಚರ್ಮವು ಆ ಸ್ಥಾನಕ್ಕೆ ಬಂದಿತು. ಸ್ವರದಲ್ಲಿ ವ್ಯತ್ಯಾಸವಾಗಿರಬಹುದು, ಗುಮಟೆಯು ಗುಮಟೆಯಾಗಿಯೇ ಉಳಿದಿದೆ.

ಇನ್ನು ಗಾಯಕರ ಮಾತು. ಯಕ್ಷಗಾನ ಮೇಳದಲ್ಲಿ ಭಾಗವತರು ಬದಲಾಗುವರು, ಮದ್ದಳೆಗಾರರು ಬದಲಾಗುವರು. ಮೇಳವು ಸತ್ತಿತೆಂದು ಯಾರೂ ಹೇಳರು. ಹಾಗೆಯೇ ಈ ಸಂಸ್ಥೆಯೂ ಕೇವಲ ಒಂದು ಕಂಠವನ್ನು ನಂಬಿ ಬೆಳೆದುದಲ್ಲ. 2008ರ ಜನವರಿ 26 ಮತ್ತು 27ರಂದು 40 ಗಂಟೆಗಳ ಕಾಲ ಅವಿಚ್ಛಿನ್ನವಾಗಿ ಕೊಂಕಣಿ ಹಾಡುಗಳು ಕೇಳಿಬಂದು ಗಿನ್ನೆಸ್ ದಾಖಲೆಯಾದುದು ಬಹುಜನರ ಸಮೂಹಶಕ್ತಿಯಿಂದ. 2002ರಲ್ಲಿ ಆರಂಭವಾದ ತಿಂಗಳ ವೇದಿಕೆಯೂ ಶಕ್ತಿನಗರದ ಕಲಾಂಗಣವೂ ವ್ಯಕ್ತಿಗಳು ಅಗಲಿದರೂ ಕಲೆಗೆ ನೆಲೆಯಿರಲೆಂದು ಕಟ್ಟಿದ ವ್ಯವಸ್ಥೆಗಳು.

ಆದರೆ ಕಟ್ಟಡವು ತಾನಾಗಿ ಹಾಡಲಾರದು. ಹಿರಿಯರ ರಚನೆಗಳನ್ನೇ ಮರಳಿ ಮರಳಿ ಹಾಡಿದರೆ ಅದು ವಾರ್ಷಿಕ ಸ್ಮರಣೆಯಾದೀತೇ ಹೊರತು ಜೀವಂತ ಸಂಗೀತವಾಗದು. ತರುಣ ರಚನಕಾರರಿಗೆ ತಪ್ಪುವ ಸ್ವಾತಂತ್ರ್ಯವನ್ನೂ ಕೊಡಬೇಕು. 1986ರಲ್ಲಿ ರೂಢಿಯನ್ನು ಮುರಿದವರ ಉತ್ತರಾಧಿಕಾರಿಗಳು 1986ನ್ನೇ ರೂಢಿಯಾಗಿ ಮಾಡಿಕೊಳ್ಳುವುದು ಆ ಹಿರಿಯರಿಗೆ ಸಲ್ಲಿಸುವ ಗೌರವವಲ್ಲ.

ಮಹಾಜನರ ಕರ್ತವ್ಯವೂ ಸ್ಪಷ್ಟವಿದೆ. ಈ ಊರಿನಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿಯೇ ಬರೆಯುತ್ತಾರೆ. ಅದರ ಹಾಡು ಕನ್ನಡಿಗನಿಗೆ ಪರಕೀಯವಲ್ಲ. ಹಳೆಯ ಧ್ವನಿಮುದ್ರಿಕೆಯನ್ನು ಕೇಳಿ ನಿಟ್ಟುಸಿರುಬಿಡುವ ಬದಲು ತಿಂಗಳಿಗೊಂದು ಸಂಜೆ ಕುಟುಂಬಸಮೇತರಾಗಿ ಹೋಗಿ ಹೊಸ ಕಂಠವನ್ನು ಕೇಳಿರಿ. ಮಕ್ಕಳ ಕೈಗೆ ಗುಮಟೆಯನ್ನು ಕೊಡಿರಿ. ಅಧಿಕಾರಿಗಳು ಸಾರ್ವಜನಿಕ ಸಭಾಗೃಹಗಳನ್ನು ಇಂಥ ತಂಡಗಳಿಗೆ ಅಲ್ಪ ಬಾಡಿಗೆಗೆ ಒದಗಿಸಲಿ. ಗಾಯಕನು ಹೋದರೆ ಮತ್ತೊಬ್ಬನು ಬಂದಾನು. ಕೇಳುವವರೇ ಹೋದರೆ ಆ ಸ್ಥಾನವನ್ನು ತುಂಬುವವರು ಯಾರು?