ನೈಸರ್ಗಿಕವೆಂದ ಮಾತ್ರಕ್ಕೆ ನಿರಪಾಯವಲ್ಲ

ಹಸಿ ಸೋಯಾ ಅವರೆಯನ್ನು ಹುರಿಯದೆ ಅಥವಾ ಬೇಯಿಸದೆ ಕೋಳಿಗಳಿಗೆ ಹಾಕಬಾರದೆಂಬುದು ರೈತ ಬಾಂಧವರಲ್ಲಿ ಹಲವರಿಗೆ ತಿಳಿದ ವಿಷಯ. ಅದರಲ್ಲಿರುವ ಒಂದು ವಸ್ತು, ಆಹಾರವನ್ನು ಜೀರ್ಣಿಸುವ ಕಿಣ್ವದ ಕೆಲಸವನ್ನು ತಡೆಯುತ್ತದೆ. ಇಂಥ ವಸ್ತುಗಳಿಗೆ ಕಿಣ್ವರೋಧಕಗಳೆಂದು ಹೆಸರು. ಇವು ನಮ್ಮ ದೇಹದಲ್ಲಿಯೂ ಇವೆ. ರಕ್ತದ ಒತ್ತಡದ ಮೇಲೆ ಪರಿಣಾಮ ಬೀರುತ್ತವೆ.

ರಕ್ತನಾಳದ ಒಳಪದರದಲ್ಲಿರುವ ಒಂದು ಕಿಣ್ವವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸುತ್ತದೆ. ಇದರಿಂದ ನಾಳ ಸಡಿಲಗೊಂಡು ರಕ್ತ ಸರಾಗವಾಗಿ ಹರಿಯುತ್ತದೆ. ದೇಹದ ಪ್ರೋಟೀನುಗಳು ಒಡೆಯುವಾಗ ಹುಟ್ಟುವ ಎ.ಡಿ.ಎಂ.ಎ. ಎಂಬ ವಸ್ತು ಈ ಕಿಣ್ವಕ್ಕೆ ತಡೆ ಹಾಕುತ್ತದೆ. ಆರೋಗ್ಯವಂತರಲ್ಲಿ ಅದು ಆಗಿಂದಾಗ್ಗೆ ನಾಶವಾಗುತ್ತದೆ. ಮೂತ್ರಪಿಂಡ ಕೆಟ್ಟವರ ರಕ್ತದಲ್ಲಿ ಅದು ಕೂಡಿಕೊಳ್ಳುವುದೆಂದು 1992ರಲ್ಲಿ ಲಂಡನ್ನಿನ ವಿಜ್ಞಾನಿಗಳು ತೋರಿಸಿದರು. ಅಂಥವರಲ್ಲಿ ಒತ್ತಡ ಏರಲು ಇದೂ ಒಂದು ಕಾರಣವಿರಬಹುದೆಂದು ಭಾವಿಸಲಾಗಿದೆ.

ಗಿಡಮೂಲಿಕೆಗಳಲ್ಲಿಯೂ ರೋಧಕಗಳುಂಟು. ಕೆಮ್ಮಿಗೆ ಬಳಸುವ ಜ್ಯೇಷ್ಠಮಧುವಿನ ಬೇರನ್ನು ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ, ಅದು ಮೂತ್ರಪಿಂಡದ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ಉಪ್ಪು, ನೀರು ದೇಹದಲ್ಲಿಯೇ ಉಳಿದು ಒತ್ತಡ ಏರುತ್ತದೆ, ಪೊಟ್ಯಾಸಿಯಂ ಸೋರಿಹೋಗುತ್ತದೆ.

ಒತ್ತಡವನ್ನು ಇಳಿಸುವ ರೋಧಕವೂ ನಿಸರ್ಗದಲ್ಲಿಯೇ ದೊರೆಯಿತು, ಅದೂ ಹಾವಿನ ವಿಷದಲ್ಲಿ! ಬ್ರೆಜಿಲ್ ದೇಶದ ಜರರಾಕಾ ಹಾವಿನ ವಿಷದಲ್ಲಿದ್ದ ಇಂಥ ವಸ್ತುವನ್ನು ಸೆರ್ಜಿಯೊ ಫೆರೇರಾ 1965ರಲ್ಲಿ ವರದಿ ಮಾಡಿದರು. ರಕ್ತನಾಳವನ್ನು ಬಿಗಿಗೊಳಿಸುವ ಆಂಜಿಯೊಟೆನ್ಸಿನ್ ತಯಾರಾಗದಂತೆ ಅದು ತಡೆಯುತ್ತದೆ. ಅದೇ ಜಾಡು ಹಿಡಿದು ಮಾಡಿದ ಕ್ಯಾಪ್ಟೊಪ್ರಿಲ್ ಮಾತ್ರೆಗೆ 1981ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎನಲಾಪ್ರಿಲ್ ಮುಂತಾದವು ಇದೇ ಗುಂಪಿನವು.

ಒಂದು ರೋಧಕ ಒತ್ತಡವನ್ನು ಏರಿಸಿದರೆ ಇನ್ನೊಂದು ಇಳಿಸುತ್ತದೆ. ಯಾವ ತೂಬನ್ನು ಮುಚ್ಚಿದರೆ ಯಾವ ಗದ್ದೆಗೆ ನೀರು ಎಂಬಂತೆ. ಆದುದರಿಂದ "ಬೇರು ತಾನೆ, ಏನೂ ಆಗದು" ಎಂದು ನಂಬಿ, ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸುವುದು ಅಪಾಯಕರವೆಂದೇ ನನ್ನ ಅಭಿಪ್ರಾಯ. ಸೇವಿಸುತ್ತಿರುವ ಮೂಲಿಕೆ ಯಾವುದೇ ಇರಲಿ, ಅದನ್ನು ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರು ಈ ಗುಂಪಿನ ಮಾತ್ರೆಗಳನ್ನು ಸೇವಿಸಬಾರದು.

ಒತ್ತಡ ಏರಿದರೂ ಬಹುಮಂದಿಗೆ ನೋವಾಗಲಿ, ಸುಸ್ತಾಗಲಿ ತೋರುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವ ರೈತರು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಮ್ಮ ಒತ್ತಡವನ್ನೂ ಅಳೆಯಿಸಿಕೊಳ್ಳಲಿ. ಅಳತೆ ಮತ್ತೆ ಮತ್ತೆ 140/90 ಅಥವಾ ಅದಕ್ಕೂ ಮೇಲೆ ಬಂದರೆ ಚಿಕಿತ್ಸೆಯನ್ನು ಮುಂದೂಡಬಾರದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು.