ಅರ್ಧ ಆಗಿರೋ ಬಗ್ಗಿ ತಗೋತೀರಾ? ಮೊದಲು ಫ್ರೇಮ್ ನೋಡಿ
“ಮಾರುತಿ 800 ಇಂಜಿನ್ ಹಾಕಿದ ಬಗ್ಗಿ, ಮುಕ್ಕಾಲು ಕೆಲಸ ಆಗಿದೆ” ಅಂತ ವಾಟ್ಸಾಪ್‌ನಲ್ಲಿ ಫೋಟೊ ಬಂದ್ರೆ ಯಾರಿಗೂ ಆಸೆ ಆಗುತ್ತೆ. ತಗೋಬೇಡಿ ಅನ್ನಲ್ಲ, ಕೆಲಸ ಕಲಿಯೋಕೆ ಒಳ್ಳೇದು. ಆದರೆ ಉಳಿದ ಕಾಲು ಭಾಗ ಅಂದ್ರೆ ಹೆಚ್ಚಾಗಿ ಬ್ರೇಕ್ ಲೈನ್, ಗೇರ್ ಲಿಂಕೇಜ್, ವೈರಿಂಗ್. ದುಡ್ಡು, ಟೈಮು ತಿನ್ನೋದು ಇವೇ. ಮಾರೋರು ಕೈಬಿಟ್ಟಿದ್ದೂ ಬಹುಶಃ ಇಲ್ಲೇ, ಕೇಳಿ ನೋಡಿ.

ಎಲ್ಲರೂ ಮೊದಲು ಇಂಜಿನ್ ಸ್ಟಾರ್ಟ್ ಮಾಡಿಸ್ತಾರೆ. ನನ್ನ ಪ್ರಕಾರ ಅದು ಕೊನೇ ಕೆಲಸ. ಇಂಜಿನ್ ಕೆಟ್ಟಿದ್ರೆ ಗುಜರಿಯಲ್ಲಿ ಇನ್ನೊಂದು ಸಿಗುತ್ತೆ. ಫ್ರೇಮ್ ಸರಿಯಿಲ್ಲದಿದ್ರೆ ಇಡೀ ಗಾಡಿ ಬಿಚ್ಚಬೇಕು. ಇಳಿಜಾರಲ್ಲಿ ಮಗುಚಿದಾಗ ನಿಮ್ಮ ತಲೆ ಕಾಯೋದು ಮೇಲಿನ ಪೈಪು. ಅದು ನೀರಿನ ಜಿಐ ಪೈಪಾಗಿದ್ರೆ ವಾಪಸ್ ಬನ್ನಿ. ವೆಲ್ಡಿಂಗ್ ಜಾಗದಲ್ಲಿ ಹೊಸ ಪೇಂಟ್ ಕಂಡ್ರೆ ಕೆರೆಸಿ ನೋಡಿ. ನಂಬಿಕಸ್ತ ವೆಲ್ಡರ್ ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ, ಅವರ ಒಂದು ದಿನದ ಕೂಲಿ ದಂಡ ಅಲ್ಲ.

ಹಳೇ ಕಾರಿನ ಆರ್‌ಸಿ ಕೊಟ್ರೂ ಈ ಗಾಡಿಯನ್ನ ರಸ್ತೆಗೆ ಇಳಿಸೋ ಹಾಗಿಲ್ಲ. ನಿಮ್ಮ ಜಮೀನಿನೊಳಗೆ ಮಾತ್ರ.

ಮನೆಗೆ ತಂದ ಮೇಲೆ ಬ್ರೇಕ್ ಕೆಲಸ ಮುಗಿಯೋವರೆಗೆ ಬ್ಯಾಟರಿ ಬಿಚ್ಚಿಡಿ. “ಒಂದೇ ರೌಂಡ್” ಅಂತ ಗೆಳೆಯರು ಬಂದೇ ಬರ್ತಾರೆ.